ಕೂಸಿನ ರಾಗಿ ಸರಿ: ಹಗೇವಿನಿಂದ ಡಬ್ಬದವರೆಗೆ

ಈ ಸಲದ ಬರಹ ಉದ್ದ ಇದೆ. ಡೈರಿಗೆ ಹಾಲು ಹಾಕಿ ಬಂದು, ಕೈಕಾಲು ತೊಳೆದು ಕೂತ ಮೇಲೆ ಓದಿ. ವಿಷಯ ಬೆಳೆ ಅಲ್ಲ, ಹಾಗಂತ ಬೆಳೆಯಿಂದ ದೂರವೂ ಇಲ್ಲ. ಎಳೆ ಕೂಸಿನ ಊಟದ ಬಗ್ಗೆ.

ಈ ವರ್ಷ ರಾಗಿ ಕಣ ಮುಗಿದ ಮೇಲೆ ನನ್ನ ಹತ್ರ ಬಂದವರಲ್ಲಿ ಮೂಟೆ ಲೆಕ್ಕದಲ್ಲಿ ಕೇಳಿದವರು ಕಡಿಮೆ, ಸೇರಿನ ಲೆಕ್ಕದಲ್ಲಿ ಕೇಳಿದವರು ಜಾಸ್ತಿ. "ಔಷಧಿ ಹೊಡೆಯದ ರಾಗಿ ಇದ್ರೆ ಐದು ಸೇರು ಕೊಡಿ, ಮೊಮ್ಮಗೀಗೆ ಸರಿ ಮಾಡ್ಬೇಕು" ಅಂತ. ಹೊಳೆನರಸೀಪುರದ ಕಡೆಯವರು, ಅರಕಲಗೂಡಿನವರು, ಚನ್ನರಾಯಪಟ್ಟಣದ ಒಬ್ಬ ಟೀಚರಮ್ಮ. ಅವರ ಮನೆಗಳಲ್ಲಿ ನಡೀತಿರೋ ಜಗಳ ಒಂದೇ. ಸೊಸೆ ಡಬ್ಬದ ಪುಡಿ ಅಂತಾಳೆ, ಅತ್ತೆ ರಾಗಿ ಸರಿ ಅಂತಾರೆ. ಮೊಬೈಲಿನಲ್ಲಿ ನೋಡಿದವರು ಮೂರನೇದು ಇನ್ನೇನೋ ಹೇಳ್ತಾರೆ. ಡಬ್ಬದ ಕಡೆಯವರು ಅಜ್ಜಿಯರದ್ದೆಲ್ಲ ಮೌಢ್ಯ ಅಂದ್ರೆ, ಮನೆಮದ್ದಿನ ಕಡೆಯವರು ಅಜ್ಜಿ ಕಾಲದ್ದೆಲ್ಲ ಅಮೃತ ಅಂತಾರೆ. ಇಬ್ಬರ ಮಾತೂ ಪೂರ್ತಿ ನಿಜ ಅಲ್ಲ. ಈ ಸರಿ ಎಲ್ಲಿಂದ ಬಂತು, ಡಬ್ಬ ಎಲ್ಲಿಂದ ಬಂತು ಅಂತ ಒಂದು ಸಲ ನೋಡಿಬಿಟ್ರೆ ಅರ್ಧ ಜಗಳ ತಾನಾಗೇ ಬಗೆಹರಿಯುತ್ತೆ.

ಮೊದಲು ಕಹಿಯಾದದ್ದನ್ನೇ ಹೇಳಿಬಿಡ್ತೀನಿ. ನಮ್ಮ ಊರುಗಳಲ್ಲಿ 80 ದಾಟಿದ ಅಜ್ಜಿಯರನ್ನು "ಎಷ್ಟು ಮಕ್ಕಳು?" ಅಂತ ಕೇಳಿ ನೋಡಿ. "ಎಂಟು ಹೆತ್ತೆ, ಐದು ಉಳುದ್ವು" ಅಂತ ಸೊಪ್ಪು ಸೋಸುತ್ತಾ ಹೇಳ್ತಾರೆ. ಹಳೇ ಕಾಲದ ಲೆಕ್ಕ ಇದು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ 129 ಒಂದು ವರ್ಷ ತುಂಬೋ ಮುಂಚೆ ತೀರಿಹೋಗ್ತಿದ್ವು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿದೆ, ಕರ್ನಾಟಕದಲ್ಲಿ 19ಕ್ಕೆ. ಲಸಿಕೆ, ಆಸ್ಪತ್ರೆ ಹೆರಿಗೆ, ಶುದ್ಧ ನೀರು, ಓಆರ್‌ಎಸ್ ಪ್ಯಾಕೆಟ್ಟು ಇವೆಲ್ಲ ಸೇರಿ ಆಗಿರೋ ಕೆಲಸ. ಆದ್ದರಿಂದ "ಆಗ ಯಾವ ಆಸ್ಪತ್ರೆ ಇತ್ತು, ನಾವೆಲ್ಲ ಗಟ್ಟಿಮುಟ್ಟಾಗಿ ಬೆಳೀಲಿಲ್ವಾ" ಅನ್ನೋರಿಗೆ ನನ್ನ ಉತ್ತರ ಇಷ್ಟೇ: ಬೆಳೆದವರು ಮಾತಾಡ್ತಿದ್ದೀವಿ, ಬೆಳೆಯದವರು ಮಾತಾಡಕ್ಕೆ ಇಲ್ಲ.

ಇಷ್ಟು ಹೇಳಿದ ಮೇಲೆ ಸರಿಯ ವಿಷಯಕ್ಕೆ ಬರ್ತೀನಿ. ಅಜ್ಜಿಯರು ಮಾಡ್ತಿದ್ದ ಕೆಲಸಗಳಲ್ಲಿ ಇದೊಂದು ನಿಜವಾಗಿಯೂ ದೊಡ್ಡ ವಿದ್ಯೆ.

ರಾಗಿ ಹುಟ್ಟಿದ್ದು ಇಲ್ಲಿ ಅಲ್ಲ, ಪೂರ್ವ ಆಫ್ರಿಕಾದ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷದ ಹಿಂದೆ ಇತ್ತ ಬಂದು ನಮ್ಮದೇ ಆಗಿಹೋಯ್ತು. ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿ, ಕೊನೆಗೆ ರಾಗಿಯನ್ನು ಗೆಲ್ಲಿಸ್ತಾರೆ. ಕತೆಯ ಒಳಗೆ ಮೇಲು ಕೀಳಿನ ವಿಚಾರ ಇದೆ, ಅದು ಬೇರೆ. ರೈತನ ಕಣ್ಣಿಗೆ ಮೊದಲು ಕಾಣೋದು ದಾಸ್ತಾನಿನ ವಿಚಾರ. ಕೂಡಿಟ್ಟರೆ ಹುಳ ಹಿಡಿಯದ ಕಾಳು ಯಾವುದು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರು ಟಿಪ್ಪು ತೀರಿಕೊಂಡ ಮಾರನೇ ವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಆಜ್ಞೆ ಮೇರೆಗೆ ಮೈಸೂರು ಸೀಮೆ ಸುತ್ತಿದ. ಎಷ್ಟು ಉಳುಮೆ, ಎಷ್ಟು ಬಿತ್ತನೆ, ಗೊಬ್ಬರ ಯಾವುದು, ಕಳೆ ಯಾವಾಗ ಅಂತ ಕೂತು ಕೂತು ಕೇಳಿ ಬರೆದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚಾಯ್ತು. ಅದರಲ್ಲಿ ಬೆದ್ದಲು ಬೆಳೆಗಳ ಪೈಕಿ ರಾಗಿಗೇ ಮೊದಲ ಸ್ಥಾನ. ರಾಗಿಯನ್ನು ನೆಲದೊಳಗಿನ ಗುಂಡಿಯಲ್ಲಿ ಇಡೋದನ್ನೂ ಅವನು ಬರೆದಿದ್ದಾನೆ. ಅದೇ ನಮ್ಮ ಹಗೇವು. ಈಗಿನ ಹುಡುಗರಿಗೆ ಹಗೇವು ಅಂದ್ರೆ ಗೊತ್ತಿಲ್ಲ. ಮನೆ ಮುಂದೆ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿ, ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತೋರು. ಒಳಗೆ ಗಾಳಿ ಇಲ್ಲದೆ ಹುಳ ಬದುಕಲ್ಲ. ತೆಗೆಯುವಾಗ ಬಾಯಿ ಬಿಚ್ಚಿ, ಗಾಳಿ ಆಡೋವರೆಗೆ ಕಾದು, ದೀಪ ಇಳಿಬಿಟ್ಟು ನೋಡಿ, ಆರಲಿಲ್ಲ ಅಂದ ಮೇಲೇ ಇಳಿಯೋರು. ಹಂಗೇ ಇಳಿದು ಸತ್ತವರೂ ಇದ್ದಾರೆ. ನಮ್ಮ ಕಡೆ ರಸ್ತೆ ಕಾಮಗಾರಿಯಲ್ಲಿ ಜೆಸಿಬಿ ಚಕ್ರ ಧಸಕ್ಕಂತ ಕುಸಿದಾಗ "ಇಲ್ಲಿ ಇಂಥವರ ಹಗೇವು ಇತ್ತು ಕಣಪ್ಪ" ಅಂತ ಹಿರಿಯರು ನೆನೆಸ್ಕೊಳ್ತಾರೆ.

ಹಗೇವು ಖಾಲಿಯಾದ ಕಾಲವೂ ಒಂದಿತ್ತು. 1876ರಿಂದ 1878ರವರೆಗಿನ ದೊಡ್ಡ ಬರ, ಧಾತು ವರ್ಷದ ಬರ ಅಂತ ಕರೀತಾರೆ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50,55,412 ಜನ. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಜನ ಬೆಳೀಬೇಕಿತ್ತು, ಬದಲಿಗೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಿಮೆ. ಬರದಲ್ಲಿ ಮೊದಲು ಹೋಗೋದು ಕೂಸುಗಳು ಮತ್ತು ಮುದುಕರು. ತಾಯಿ ಉಪವಾಸ ಇದ್ದರೆ ಎದೆಹಾಲು ಬತ್ತುತ್ತೆ. ಎದೆಹಾಲು ಬತ್ತಿದ ಮೇಲೆ ಮನೆಯಲ್ಲಿ ಒಂದು ಹಿಡಿ ರಾಗಿಯಾದ್ರೂ ಇದೆಯೋ ಇಲ್ವೋ ಅನ್ನೋದೇ ಪ್ರಶ್ನೆ. ನಮ್ಮಲ್ಲಿ ಮನೆ ಖರ್ಚಿಗೆ ರಾಗಿ ಇಟ್ಟುಕೊಳ್ಳದೆ ಪೂರ್ತಿ ಮಾರಿದವನನ್ನು ಇವತ್ತಿಗೂ ಹಿರಿಯರು ಒಂಥರಾ ನೋಡ್ತಾರೆ. ಆ ನೋಟದ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ.

ಈಗ ಸರಿ. ಎಲ್ಲರಿಗೂ ಗೊತ್ತಿರೋದೇ, ಆದರೂ ಬರೀತೀನಿ, ಯಾಕಂದ್ರೆ ಪ್ರತಿ ಹೆಜ್ಜೆಗೂ ಒಂದು ಕಾರಣ ಇದೆ. ರಾಗಿಯನ್ನು ಕೇರಿ, ಕಲ್ಲು ಮಣ್ಣು ಗಾಲಿಸಿ, ನಾಲ್ಕೈದು ನೀರಲ್ಲಿ ತೊಳೆದು ರಾತ್ರಿ ನೆನೆ ಹಾಕೋದು. ಬೆಳಿಗ್ಗೆ ಬಸಿದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡು ದಿನ ನೀರು ಚಿಮುಕಿಸುತ್ತಾ ಮೊಳಕೆ ಬರಿಸೋದು. ಬಿಸಿಲಲ್ಲಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಮೊಳಕೆ ಉದುರಿಸಿ ತೂರೋದು. ಮಂದ ಉರಿಯಲ್ಲಿ ಘಮ್ ಅನ್ನೋವಷ್ಟೇ ಬೆಚ್ಚಗೆ ಮಾಡಿ, ಬೀಸಿ, ಹಳೇ ಮಲ್ಲು ಪಂಚೆ ಇಲ್ಲ ಸೀರೆ ಸೆರಗಲ್ಲಿ ವಸ್ತ್ರಗಾಲಿತ ಮಾಡೋದು. ಮೇಲೆ ಉಳಿದ ತೌಡು ದನಕ್ಕೆ, ಕೆಳಗೆ ಬಿದ್ದ ನುಣುಪು ಹಿಟ್ಟು ಕೂಸಿಗೆ. ಇದರ ಜೊತೆ ಇನ್ನೊಂದು ದಾರಿಯೂ ಇದೆ: ನೆನೆಸಿದ ರಾಗಿ ರುಬ್ಬಿ, ಹಿಂಡಿ ರಾಗಿ ಹಾಲು ತೆಗೆದು ಕಾಯಿಸೋದು. ಅದು ನುಣ್ಣಗಿರುತ್ತೆ, ಆದ್ರೆ ಸತ್ವ ಬಹಳಷ್ಟು ಚರಟದಲ್ಲೇ ಹೋಗುತ್ತೆ. ನನ್ನ ಮತ ಮೊಳಕೆ ಹಿಟ್ಟಿಗೇ.

ಮೊಳಕೆ ಯಾಕೆ ಬರಿಸಬೇಕು? ಅಜ್ಜಿ ಕೇಳಿದ್ರೆ "ತಂಪು, ಬೇಗ ಅರಗುತ್ತೆ" ಅಂತಾರೆ. ಬಿತ್ತನೆ ಮಾಡೋ ನಮಗೆ ಇದು ಚೆನ್ನಾಗಿ ಅರ್ಥ ಆಗಬೇಕು. ಕಾಳಿನೊಳಗೆ ಪಿಷ್ಟ ತುಂಬಿರೋದು ಮನುಷ್ಯನಿಗಾಗಿ ಅಲ್ಲ, ಸಸಿಯ ಕೂಸಿಗಾಗಿ. ನೀರು ಸೋಕಿದ ಕೂಡಲೇ ಕಾಳು ಅಮೈಲೇಸ್ ಅನ್ನೋ ಕಿಣ್ವ ಹುಟ್ಟಿಸಿ, ಗಟ್ಟಿ ಪಿಷ್ಟವನ್ನು ತುಂಡು ಮಾಡಿ ಸಕ್ಕರೆಯಾಗಿಸಿ ಎಳೆ ಮೊಳಕೆಗೆ ಉಣಿಸುತ್ತೆ. ಸಸಿಯ ಕೂಸಿಗೆ ತಯಾರಾದ ಆ ಊಟವನ್ನು ಎರಡನೇ ದಿನಕ್ಕೆ ಒಣಗಿಸಿ ನಿಲ್ಲಿಸಿ, ನಮ್ಮ ಕೂಸಿಗೆ ಕೊಡ್ತೀವಿ. ಅಷ್ಟೇ ವಿದ್ಯೆ.

ಇದರ ಲಾಭ ಒಲೆ ಮುಂದೆ ಕಾಣುತ್ತೆ. ಎರಡು ಪಾತ್ರೆ ಇಡಿ. ಒಂದರಲ್ಲಿ ಮಾಮೂಲಿ ರಾಗಿ ಹಿಟ್ಟು, ಇನ್ನೊಂದರಲ್ಲಿ ಮೊಳಕೆ ಹಿಟ್ಟು, ನೀರು ಹಿಟ್ಟು ಎರಡೂ ಸಮ. ಕುದಿ ಬಂದಾಗ ಮೊದಲನೇದು ಮುದ್ದೆ ಆಗಕ್ಕೆ ಹೊರಟಿರುತ್ತೆ, ಎರಡನೇದು ಇನ್ನೂ ಸುರಿಯೋ ಹಾಗಿರುತ್ತೆ. ಕೂಸಿನ ಹೊಟ್ಟೆ ಅದರ ಮುಷ್ಟಿಯಷ್ಟು. ಗಟ್ಟಿ ಇದ್ದರೆ ನುಂಗಲ್ಲ. ನುಂಗಲಿ ಅಂತ ನೀರು ಹಾಕಿದ್ರೆ ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ. ಮೊಳಕೆ ಹಿಟ್ಟಾದ್ರೆ ಅಷ್ಟೇ ತೆಳುವಿನಲ್ಲಿ ಎರಡರಷ್ಟು, ಅದಕ್ಕೂ ಮಿಕ್ಕಿ ಹಿಟ್ಟು ಹಿಡಿಸಬಹುದು. ಆದ್ರೆ ಜೋರು ಉರಿಯಲ್ಲಿ ಕಪ್ಪಗೆ ಹುರಿದುಬಿಟ್ರೆ ಕಿಣ್ವ ಸತ್ತುಹೋಗಿ ಮಾಮೂಲಿ ಹಿಟ್ಟೇ ಆಗುತ್ತೆ. "ಮಂದ ಉರಿ" ಅಂತ ಅಜ್ಜಿಯರು ಗದರುತ್ತಿದ್ದದ್ದು ಇದಕ್ಕೇ ಇರಬೇಕು.

ಇಲ್ಲಿಂದ ಕತೆ ಯುರೋಪಿಗೆ ಹೋಗುತ್ತೆ, ಯಾಕಂದ್ರೆ ಡಬ್ಬ ಹುಟ್ಟಿದ್ದು ಅಲ್ಲಿ. ಜರ್ಮನಿಯ ಯುಸ್ಟಸ್ ಫಾನ್ ಲೀಬಿಗ್ ಹೆಸರು ನಮಗೆ ಗೊಬ್ಬರದ ಪಾಠದಲ್ಲಿ ಬರುತ್ತೆ. ಗಿಡಕ್ಕೆ ಯಾವ ಪೋಷಕಾಂಶ ಕಡಿಮೆ ಇದೆಯೋ ಅದೇ ಇಳುವರಿ ನಿರ್ಧರಿಸುತ್ತೆ ಅನ್ನೋ ನಿಯಮವನ್ನು ಜನಕ್ಕೆ ಮುಟ್ಟಿಸಿದ ರಸಾಯನ ಪಂಡಿತ. ಅದೇ ಲೀಬಿಗ್ 1865ರಲ್ಲಿ ಎದೆಹಾಲು ಸಿಗದ ಕೂಸುಗಳಿಗೆ ಅಂತ ಒಂದು ಊಟ ಪ್ರಕಟಿಸಿದ: ಹಸುವಿನ ಹಾಲು, ಗೋಧಿ ಹಿಟ್ಟು, ಒಂದಿಷ್ಟು ಕ್ಷಾರ ಉಪ್ಪು, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ ಹಿಟ್ಟು. ಮೊಳಕೆ ಹಿಟ್ಟು ಯಾಕೆ ಅಂದ್ರೆ ಪಿಷ್ಟ ಕರಗಿಸಕ್ಕೆ. ಅಂದ್ರೆ ದೊಡ್ಡ ವಿಜ್ಞಾನಿ ಲೆಕ್ಕ ಹಾಕಿ ತಲುಪಿದ ಜಾಗದಲ್ಲಿ ನಮ್ಮ ಹೆಂಗಸರು ಆಗಲೇ ಗಂಟು ಬಿಚ್ಚುತ್ತಾ ಕೂತಿದ್ರು. ಇದರಿಂದ ಎದೆ ಉಬ್ಬಿಸಿ ಅವನನ್ನು ಹಳಿಯಬೇಕಾಗಿಲ್ಲ. ಯಾಕೆ ಹಾಗಾಗುತ್ತೆ ಅಂತ ಅವನು ಹೇಳಿದ, ಅದೂ ಬೇಕಾದದ್ದೇ.

ಎರಡು ವರ್ಷ ಕಳೆದು 1867ರಲ್ಲಿ ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ಹಾಲು, ಬೇಯಿಸಿದ ಗೋಧಿ ಹಿಟ್ಟು, ಸಕ್ಕರೆ ಸೇರಿಸಿ ಪುಡಿ ಮಾಡಿ ಮಾರಕ್ಕೆ ಶುರು ಮಾಡಿದ. 1873ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿದ್ದ ಹಾರ್ಲಿಕ್ ಅಣ್ಣತಮ್ಮಂದಿರು ಮೊಳಕೆ ಬಾರ್ಲಿಯ ಕಂಪನಿ ತೆಗೆದ್ರು. ನಾವು ಪರೀಕ್ಷೆ ಹುಡುಗರಿಗೆ ಕುಡಿಸೋ ಹಾರ್ಲಿಕ್ಸು ಮೊದಲು ಕೂಸುಗಳಿಗೆ ಅಂತಲೇ ಬಂದದ್ದು. ಇವೆಲ್ಲ ಹುಟ್ಟಿದ್ದು ಒಳ್ಳೇ ಕಾರಣಕ್ಕೇ. ಕಾರ್ಖಾನೆ ಊರುಗಳಲ್ಲಿ ತಾಯಂದಿರು ದುಡಿಮೆಗೆ ಹೋಗೋರು, ಕೊಳಕು ಹಾಲು ಕುಡಿದು ಕೂಸುಗಳು ಸಾಯ್ತಿದ್ವು. ತೊಂದರೆ ಆಮೇಲೆ ಬಂತು. ಹಾಲು ಚೆನ್ನಾಗಿದ್ದ ತಾಯಿಗೂ ಡಬ್ಬವೇ ಮೇಲು ಅಂತ ಜಾಹೀರಾತಿನಲ್ಲಿ ನಂಬಿಸಿದಾಗ, ಶುದ್ಧ ನೀರಿಲ್ಲದ ಬಡ ದೇಶಗಳಲ್ಲಿ ಬಾಟಲಿಯೇ ರೋಗದ ಮನೆ ಆಯ್ತು. ದುಡ್ಡು ಉಳಿಸಕ್ಕೆ ಪುಡಿಯನ್ನು ಅಳತೆ ತಪ್ಪಿ ತೆಳ್ಳಗೆ ಕಲಸೋದು ಇನ್ನೊಂದು ಕಷ್ಟ. 1970ರ ದಶಕದಲ್ಲಿ ಇದರ ವಿರುದ್ಧ ಜಗತ್ತಿನ ತುಂಬ ದೊಡ್ಡ ಗಲಾಟೆ ಎದ್ದಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇಂಥ ಮಾರಾಟಕ್ಕೆ ನೀತಿಸಂಹಿತೆ ಒಪ್ಪಿತು. ನಮ್ಮ ದೇಶ 1992ರಲ್ಲಿ ಕಾನೂನೇ ಮಾಡಿತು, 2003ರಲ್ಲಿ ಬಿಗಿ ಮಾಡಿತು. ಅದರ ಪ್ರಕಾರ ಎರಡು ವರ್ಷದೊಳಗಿನ ಕೂಸಿನ ಡಬ್ಬದ ಆಹಾರಕ್ಕೆ ಜಾಹೀರಾತು ಕೊಡೋ ಹಾಗಿಲ್ಲ, ಹಾಲಿನ ಪುಡಿ ಡಬ್ಬದ ಮೇಲೆ ಕೂಸಿನ ಚಿತ್ರ ಹಾಕೋ ಹಾಗಿಲ್ಲ, ತಾಯಿಹಾಲೇ ಶ್ರೇಷ್ಠ ಅಂತ ಬರೀಲೇಬೇಕು. ಅಂಗಡಿಗೆ ಹೋದಾಗ ತಿರುಗಿಸಿ ಓದಿ ನೋಡಿ.

ಈ ಕತೆಯ ನಮ್ಮ ಭಾಗ ನಡೆದದ್ದು ಮೈಸೂರಿನಲ್ಲಿ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾಯ್ತು. ಸಿಎಫ್‌ಟಿಆರ್‌ಐ ಅಂತೀವಲ್ಲ, ಅದೇ. ಎಮ್ಮೆ ಹಾಲಿನಿಂದ ಕೂಸಿನ ಪುಡಿ ಮಾಡೋ ವಿಧಾನ ಕಂಡುಹಿಡಿದವರು ಇಲ್ಲಿಯವರೇ, ಅದನ್ನು ತಯಾರಿಸಿ ಮಾರಿದ್ದು ಗುಜರಾತಿನ ಅಮುಲ್ ಸಹಕಾರಿ. ಹೊರದೇಶದ ಡಬ್ಬಕ್ಕೆ ಹೋಗ್ತಿದ್ದ ದುಡ್ಡು ಅಷ್ಟರಮಟ್ಟಿಗೆ ರೈತರ ಹಾಲಿಗೆ ಬಂತು. ಹಾಲು ಹಾಕೋ ನಾವು ಡಬ್ಬವನ್ನು ಪೂರ್ತಿ ಬೈಯೋ ಮುಂಚೆ ಇದನ್ನೂ ನೆನೆಸ್ಕೋಬೇಕು.

ನನಗೆ ಹೆಚ್ಚು ಖುಷಿ ಕೊಟ್ಟಿರೋದು ಅದೇ ಸಂಸ್ಥೆಯ ರಾಗಿ ಕೆಲಸ. ರಾಗಿಯಲ್ಲಿ ಸುಣ್ಣದಂಶ ಜಾಸ್ತಿ ಅಂತ ಮೊದಲೇ ಗೊತ್ತಿತ್ತು. 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ, ಪಾಲಿಶ್ ಅಕ್ಕಿಯಲ್ಲಿ 10ರ ಆಸುಪಾಸು. ಆದ್ರೆ ಕಾಳಲ್ಲಿ ಇರೋದೆಲ್ಲ ಮೈಗೆ ಹತ್ತಬೇಕಲ್ಲ? 1959ರಲ್ಲಿ ಸುಬ್ರಹ್ಮಣ್ಯನ್, ಸ್ವಾಮಿನಾಥನ್, ಕುರಿಯನ್, ಜೋಸೆಫ್ ಅವರ ತಂಡ ಸೊರಗಿದ ಮಕ್ಕಳ ಊಟದಲ್ಲಿ ಅಕ್ಕಿಯ ಬದಲು ರಾಗಿ ಕೊಟ್ಟು, ಒಳಗೆ ಹೋದದ್ದು ಹೊರಗೆ ಬಂದದ್ದು ಎಲ್ಲ ಅಳೆದು ನೋಡಿತು. ರಾಗಿ ತಿಂದಾಗ ಸುಣ್ಣದಂಶ ಮೈಯಲ್ಲಿ ಹೆಚ್ಚು ಉಳಿಯಿತು. ಆಮೇಲೆ 1980ರ ಸುಮಾರಿಗೆ ದೇಸಿಕಾಚಾರ್ ಮತ್ತು ಮಲ್ಲೇಶಿ ಅನ್ನೋ ವಿಜ್ಞಾನಿಗಳು ನಮ್ಮ ಸರಿಯನ್ನೇ ಪ್ರಯೋಗಾಲಯಕ್ಕೆ ತಗೊಂಡು ಹೋದ್ರು. ಎಷ್ಟು ಹೊತ್ತು ಮೊಳಕೆ, ಎಷ್ಟು ಬಿಸಿ, ಯಾವ ಕಾಳು ಜೊತೆಗೆ. ಅವರು ಮುಟ್ಟಿದ ಲೆಕ್ಕ ಮೊಳಕೆ ರಾಗಿ 70 ಭಾಗ, ಮೊಳಕೆ ಹೆಸರುಕಾಳು 30 ಭಾಗ. 1982ರಲ್ಲಿ ಪ್ರಕಟವಾಯ್ತು. ಭಾರತದ ಧಾನ್ಯಗಳಲ್ಲಿ ಮೊಳಕೆ ಹಿಟ್ಟಿಗೆ ರಾಗಿಯಷ್ಟು ಹೊಂದೋದು ಇನ್ನೊಂದಿಲ್ಲ ಅಂತಲೂ ಅವರ ಕೆಲಸದಿಂದ ಗೊತ್ತಾಯ್ತು. ಬರೋಡದಲ್ಲಿ ತಾರಾ ಗೋಪಾಲದಾಸ್ ಅನ್ನೋ ಪ್ರೊಫೆಸರು ಇನ್ನೂ ಸುಲಭ ಮಾಡಿದ್ರು: ಎಲ್ಲ ಹಿಟ್ಟೂ ಮೊಳಕೆಯದೇ ಆಗಬೇಕಿಲ್ಲ, ಗಟ್ಟಿಯಾಗಿ ಬೇಯಿಸಿದ ಗಂಜಿಗೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿದ್ರೂ ಅದು ಕರಗಿ ತೆಳ್ಳಗಾಗುತ್ತೆ. (ಕಲಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಕುದಿ ಬರಿಸಬೇಕು, ಹಸಿ ಹಿಟ್ಟು ಹಂಗೇ ಕೊಡಬಾರದು.)

ಆ 30 ಭಾಗ ಹೆಸರುಕಾಳಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನಮ್ಮ ಹೊಲದ ಚರಿತ್ರೆ ಅಲ್ಲಿದೆ. ರಾಗಿಯಲ್ಲಿ ಸುಣ್ಣ ಇದೆ, ಆದ್ರೆ ಮೈ ಕಟ್ಟೋ ಲೈಸಿನ್ ಅನ್ನೋ ಅಂಶ ಕಡಿಮೆ. ಕಾಳಿನಲ್ಲಿ ಅದು ಜಾಸ್ತಿ. ಎರಡೂ ಸೇರಿದ್ರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಹಳೇ ರಾಗಿ ಹೊಲ ನೆನೆಸ್ಕೊಳ್ಳಿ. ಆರೆಂಟು ಸಾಲಿಗೊಂದು ಅಕ್ಕಡಿ: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಅಂಚಿಗೆ ಸಾಸಿವೆ, ಜೋಳ. ಮುಂಗಾರಿಗೆ ಹೆಸರು, ಎಳ್ಳು. ಕೂಸಿನ ಬಟ್ಟಲಿಗೆ ಬೇಕಾದ ಹಿಟ್ಟು, ಬೇಳೆ, ಎಣ್ಣೆ ಒಂದೇ ಹೊಲದಿಂದ ಬರ್ತಿತ್ತು. ಈಗ ಕೂರಿಗೆ ಹೋಗಿ ಟ್ರ್ಯಾಕ್ಟರ್ ಬಂತು, ಕಟಾವು ಮಿಷನ್ನಿಗೆ ಅಕ್ಕಡಿ ಅಡ್ಡ ಬರುತ್ತೆ, ಅಗಲ ಎಲೆ ಕಳೆಗೆ ಔಷಧಿ ಹೊಡೆದ್ರೆ ಅವರೆಯೂ ಸಾಯುತ್ತೆ. ಹಾಗಾಗಿ ರಾಗಿ ಮಾತ್ರ ಉಳೀತು. ಬರೀ ರಾಗಿ ಸರಿ ತಿಂದ ಕೂಸು ಸೊರಗಿದ್ರೆ ತಪ್ಪು ರಾಗಿಯದಲ್ಲ.

ರಾಗಿಯೂ ಎಷ್ಟೋ ಕಡೆ ಹೋಯ್ತು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು ನಾಲೆ ಹರಿದ ಕಡೆ ಭತ್ತ, ಕಬ್ಬು, ತೆಂಗು ಬಂತು. ಹಾಸನದ ಸುತ್ತ ಆಲೂಗಡ್ಡೆ, ಆಮೇಲೆ ಜೋಳ. ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು. ದುಡ್ಡು ಬಂದದ್ದು ಸುಳ್ಳಲ್ಲ, ಆ ದುಡ್ಡಲ್ಲೇ ಮಕ್ಕಳು ಓದಿದ್ದು. ಉಳಿದ ಬೆದ್ದಲಲ್ಲಿ ರಾಗಿ ಉಳೀತು ಅಂದ್ರೆ ಅದರ ಪುಣ್ಯ ದೊಡ್ಡ ಭಾಗ ಮಂಡ್ಯ ವಿ.ಸಿ. ಫಾರಂನ 'ರಾಗಿ ಲಕ್ಷ್ಮಣಯ್ಯ'ನವರಿಗೆ ಸಲ್ಲಬೇಕು. ರಾಗಿ ಹೂವು ಸಾಸಿವೆಗಿಂತ ಸಣ್ಣದು, ನಸುಕಿನಲ್ಲೇ ಅರಳಿ ತನಗೆ ತಾನೇ ಪರಾಗ ಹಾಕ್ಕೊಂಡು ಮುಗಿಸಿಬಿಡುತ್ತೆ. ಅಂಥದರಲ್ಲಿ ತಾಳ್ಮೆಯಿಂದ ತಳಿ ಸೇರಿಸಿ ಅನ್ನಪೂರ್ಣ, ಕಾವೇರಿ, ಶಕ್ತಿ ಅಂತ ಒಂದೊಂದೇ ಕೊಟ್ಟರು. ಆಮೇಲೆ ನಮ್ಮ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳು. ಹೆಸರಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಸಾವಿರಾರು ವರ್ಷದ ಹಿಂದೆ ತೌರು ಬಿಟ್ಟು ಬಂದವಳಿಗೆ ತೌರಿನ ಕಡೆಯ ಸಂಬಂಧ ಮತ್ತೆ ಕೂಡಿಸಿದ ಹಾಗೆ. ಹೈಬ್ರಿಡ್ ರಾಗಿ ಕೂಸಿಗೆ ಆಗಲ್ಲ ಅನ್ನೋ ಮಾತು ಕೆಲವರು ಹೇಳ್ತಾರೆ. ಇವು ಹೈಬ್ರಿಡ್ಡೇ ಅಲ್ಲ, ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದಾದ ತಳಿಗಳು. ಕೂಸಿಗೆ ಧಾರಾಳವಾಗಿ ಆಗುತ್ತೆ.

ಆಗದೇ ಇರೋದು ಬೇರೆ ಇದೆ, ಅದನ್ನು ಗಟ್ಟಿಯಾಗಿ ಹೇಳಬೇಕು. ಬಿತ್ತನೆ ಬೀಜದ ಪ್ಯಾಕೆಟ್ಟಲ್ಲಿ ಉಳಿದ ರಾಗಿಯನ್ನು ಯಾವ ಕಾರಣಕ್ಕೂ ಮೊಳಕೆ ಕಟ್ಟಬೇಡಿ. ಅದಕ್ಕೆ ಶಿಲೀಂಧ್ರನಾಶಕ ಲೇಪ ಇರುತ್ತೆ, ತೊಳೆದರೆ ಹೋಯ್ತು ಅಂತ ನಂಬೋ ವಸ್ತು ಅಲ್ಲ. ಎರಡನೇದು ಕಣ. ಮೊದಲು ಸಗಣಿ ಬಗ್ಗಡ ಸಾರಿಸಿದ ಕಣದಲ್ಲಿ ಗುಂಡು ಹೊಡೆಯೋರು. ಈಗ ಚನ್ನರಾಯಪಟ್ಟಣ ಹೊಳೆನರಸೀಪುರದ ಯಾವ ರಸ್ತೆಗೆ ಹೋದ್ರೂ ಡಿಸೆಂಬರ್ ಜನವರಿಯಲ್ಲಿ ಟಾರಿನ ಮೇಲೆ ರಾಗಿ ಹರಡಿರುತ್ತೆ. ಬೈಕಿನವರು ಜಾರಿ ಬೀಳೋದು ಒಂದು ಕಡೆ. ಟೈರಿನ ಪುಡಿ, ಎಣ್ಣೆ, ಗಾಜಿನ ಚೂರು ಆ ರಾಗಿಗೇ ಸೇರೋದು. ಕೂಲಿ ಸಿಗದ ಕಷ್ಟ ನನಗೂ ಗೊತ್ತು, ಮಾರೋ ರಾಗಿಯ ಮಾತು ನಿಮಗೆ ಬಿಟ್ಟದ್ದು. ಮನೆ ಕೂಸಿಗೆ ಅಂತ ಹತ್ತು ಸೇರು ಆಗೋವಷ್ಟು ತೆನೆಯನ್ನಾದ್ರೂ ಟಾರ್ಪಾಲಿನ ಮೇಲೆ ದೊಣ್ಣೆಯಲ್ಲಿ ಬಡಿದುಕೊಳ್ಳಿ, ಅರ್ಧ ದಿನದ ಕೆಲಸ. ಮೂರನೇದು, ಮೋಡದ ದಿನ ಮೊಳಕೆ ಕಟ್ಟಬೇಡಿ. ಬೂಷ್ಟು ಬಂದ್ರೆ, ಮುಗ್ಗುಲು ವಾಸನೆ ಹೊಡೆದ್ರೆ ತೊಳೆದು ಸರಿಮಾಡಕ್ಕೆ ಹೋಗದೆ ಚೆಲ್ಲಿಬಿಡಿ. ಹೊಗೆಸೊಪ್ಪಿನವರಿಗೆ ಇನ್ನೊಂದು ಮಾತು: ಹಸಿ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗೆ ಇಳಿಯುತ್ತೆ. ಎಲೆ ಮುರಿದು ಬಂದ ಬಟ್ಟೆಯಲ್ಲೇ ಕೂಸು ಎತ್ತಿಕೊಳ್ಳಬೇಡಿ, ಸೋಪು ಹಾಕಿ ಸ್ನಾನ ಮಾಡಿ ಬನ್ನಿ.

ಇನ್ನು ಅಜ್ಜಿಯರ ಪದ್ಧತಿಗಳಲ್ಲಿ ನಾನು ಒಪ್ಪದೇ ಇರೋವು. ನಮ್ಮಲ್ಲಿ ಕರು ಹಾಕಿದ ಕೂಡಲೇ ಗಿಣ್ಣು ಕರುವಿಗೆ ಕುಡಿಸಬೇಕು ಅಂತ ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ತಡ ಮಾಡಿದ್ರೆ ಕರು ಉಳಿಯಲ್ಲ ಅಂತ ಗೊತ್ತು. ಅದೇ ಮನೆಯಲ್ಲಿ ಹೆರಿಗೆ ಆದ್ರೆ ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಮೂರು ದಿನ ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ನೆಕ್ಕಿಸ್ತಿದ್ರು. ಕೊಟ್ಟಿಗೆಯಲ್ಲಿ ಇದ್ದ ಬುದ್ಧಿ ನಡುಮನೆಗೆ ಬರಲಿಲ್ಲ. ಆ ಹಾಲೇ ಕೂಸಿನ ಮೊದಲ ಲಸಿಕೆ. ಜೇನುತುಪ್ಪ ಎಷ್ಟೇ ಶುದ್ಧವಾಗಿರಲಿ, ಕಾಡಿನದೇ ಆಗಿರಲಿ, ಒಂದು ವರ್ಷ ತುಂಬೋವರೆಗೆ ಬೇಡ. ಅದರಲ್ಲಿ ಬರಬಹುದಾದ ಬಾಟುಲಿಸಂ ರೋಗಾಣುವಿನ ಬೀಜ ಎಳೆ ಕರುಳಲ್ಲಿ ಮೊಳೆತು ಕೂಸಿನ ಕೈಕಾಲು ಸೋಲಿಸುತ್ತೆ. ಬಜೆ, ಅಳಲೆಕಾಯಿ ತೇಯ್ದು ನೆಕ್ಕಿಸೋದು ಕೂಡ ಆರು ತಿಂಗಳ ಒಳಗೆ ಬೇಡ ಅಂತಲೇ ಡಾಕ್ಟರುಗಳು ಹೇಳೋದು. ಹಾಗಂತ ಅಂಗಡಿಯ ಬಾಟಲಿಯೆಲ್ಲ ಮೇಲು ಅಂತ ಅಲ್ಲ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ವುಡ್‌ವರ್ಡ್ ಅನ್ನೋ ಔಷಧಿ ಅಂಗಡಿಯವನು ಕಲಸಿದ್ದು, ಬಹಳ ಕಾಲ ಅದರಲ್ಲಿ ಸಾರಾಯಿಯ ಅಂಶವೂ ಇತ್ತು. ಕೂಸು ಸುಮ್ಮನಾಗ್ತಿದ್ದದ್ದು ಯಾತಕ್ಕೆ ಅಂತ ನೀವೇ ಯೋಚನೆ ಮಾಡಿ.

ಸರಿಗೂ ಕಾಲ ಇದೆ. ಮೂರು ತಿಂಗಳಿಗೇ ಶುರು ಮಾಡೋ ಮನೆಗಳಿವೆ. ಆರು ತಿಂಗಳು ತುಂಬೋವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ತುಂಬಿದ ಮೇಲೆ ಸರಿ, ಎದೆಹಾಲು ಜೊತೆಗೇ ಮುಂದುವರೀಬೇಕು. ಹಿಟ್ಟಿಗೆ ಹೆಸರುಕಾಳು, ಒಂದು ಚೂರು ತುಪ್ಪ, ಆಮೇಲೆ ಸೊಪ್ಪು, ಹಣ್ಣು, ತಿನ್ನೋ ಮನೆಯಾದ್ರೆ ಮೊಟ್ಟೆ. ರಾಗಿಯಲ್ಲಿ ಕಬ್ಬಿಣದ ಅಂಶ ಇದ್ದರೂ ಅದರ ಒಗರು ಆ ಕಬ್ಬಿಣವನ್ನು ಕಟ್ಟಿಹಾಕುತ್ತೆ. ಮೊಳಕೆಯಿಂದ ಸ್ವಲ್ಪ ಬಿಡುಗಡೆ ಆಗುತ್ತೆ, ಪೂರ್ತಿ ಅಲ್ಲ. ಆದ್ದರಿಂದ ಅಂಗನವಾಡಿ, ಆಶಾ ಕಾರ್ಯಕರ್ತೆ ಕೊಡೋ ಕಬ್ಬಿಣದ ಹನಿಯನ್ನು ಮನೆ ಊಟ ಇದೆ ಅಂತ ಬಿಡಬಾರದು. ತಾಯಿಗೆ ಹಾಲೇ ಇಲ್ಲದಿದ್ರೆ, ತಾಯಿಯೇ ಇಲ್ಲದಿದ್ರೆ ಡಾಕ್ಟರು ಹೇಳಿದ ಡಬ್ಬ ತರಲೇಬೇಕು. ಅಲ್ಲಿ ಹಠ ಸಲ್ಲದು.

ಅಂಗನವಾಡಿ ಅಂದಾಗ ನೆನಪಾಯ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ್ದು ನರಸೀಪುರ. ನಮ್ಮ ನರಸೀಪುರ ಅಲ್ಲ, ಮೈಸೂರಿನ ತಿರುಮಕೂಡಲಿನದು. ಎರಡು ನರಸೀಪುರಕ್ಕೆ ಕಾಗದ ಅದಲುಬದಲಾಗೋದು ನಮಗೆ ಹೊಸದಲ್ಲ.

ಕೊನೆಗೆ ದುಡಿಮೆಯ ಮಾತು, ಇದನ್ನು ಮನೆಮದ್ದಿನ ವಿಡಿಯೋಗಳಲ್ಲಿ ಯಾರೂ ಹೇಳಲ್ಲ. ಹಿಂದೆ ಸರಿ ಹಿಟ್ಟು ತಯಾರಾಗ್ತಿದ್ದದ್ದು ಕೋಳಿ ಕೂಗೋ ಮುಂಚೆ ಎದ್ದು ಬೀಸೋ ಕಲ್ಲಿನ ಮುಂದೆ ಕೂರ್ತಿದ್ದ ಹೆಂಗಸರ ರಟ್ಟೆಯಿಂದ. ಮನೆಯಲ್ಲಿ ನಾಲ್ಕು ಜನ ಹೆಂಗಸರಿದ್ದಾಗ ಬಾಣಂತಿಗೆ ಕೋಣೆ, ಎಣ್ಣೆ ನೀರು, ಸಾಂಬ್ರಾಣಿ, ಹಳೇ ಸೀರೆಯ ಕುಲಾವಿ ಎಲ್ಲ ನಡೀತಿತ್ತು. ಈಗ ಮನೆಯಲ್ಲಿ ಇರೋದು ಅತ್ತೆ ಸೊಸೆ ಇಬ್ಬರೇ, ಸೊಸೆ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ ಬಸ್ಸು ಹತ್ತಬೇಕು. ಅವಳು ಡಬ್ಬ ಕೇಳಿದ್ರೆ ಅದು ಸೋಮಾರಿತನ ಅಲ್ಲ, ಬಸ್ಸಿನ ಟೈಮು. ಮನೆಯದೇ ಆಗಬೇಕು ಅನ್ನೋ ಗಂಡಸರು ಕೈ ಹಾಕಬೇಕು. ಗೋಣಿಚೀಲದಲ್ಲಿ ನೂರು ಕಾಳು ಸುತ್ತಿ ಎಷ್ಟು ಮೊಳೀತು ಅಂತ ಎಣಿಸೋದು ನಮ್ಮದೇ ಕೆಲಸ ತಾನೇ? ಎರಡು ಸೇರು ರಾಗಿ ಮೊಳಕೆ ಕಟ್ಟೋದೂ ಅದೇ ವಿದ್ಯೆ. ಶುಕ್ರವಾರ ರಾತ್ರಿ ನೆನೆ ಹಾಕಿದ್ರೆ ಸೋಮವಾರ ಒಣಗಕ್ಕೆ ಬರುತ್ತೆ, ಮಿಲ್ಲಿನವರಿಗೆ ಹೇಳಿ ಖಾರದಪುಡಿ ಬೀಸಿದ ಕಲ್ಲಲ್ಲಿ ಹಾಕಬೇಡಿ ಅಂದ್ರೆ ಆಯ್ತು. 2025–26ಕ್ಕೆ ಕೇಂದ್ರ ಹೇಳಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಅಂದ್ರೆ ಕೆ.ಜಿ.ಗೆ 49 ಮುಟ್ಟಲ್ಲ. ಒಂದು ಡಬ್ಬದ ದುಡ್ಡಿಗೆ ಎಷ್ಟು ಕೆ.ಜಿ. ಆಯ್ತು ಅಂತ ನೀವೇ ಭಾಗಿಸಿ.

ನನ್ನ ಹತ್ರ ಟಾರ್ಪಾಲಿನ ಮೇಲೆ ಬಡಿದ ರಾಗಿ ಇನ್ನೂ 40 ಸೇರಿನಷ್ಟಿದೆ. ಆರು ತಿಂಗಳು ತುಂಬಿದ ಕೂಸಿರೋ ಮನೆಗೆ ಎರಡೆರಡು ಸೇರಿನಂತೆ ಕೊಡ್ತೀನಿ. ಹೆಸರುಕಾಳು ನನ್ನಲ್ಲಿ ಮುಗಿದಿದೆ. ಅಕ್ಕಡಿಯ ಅಲಸಂದೆ, ಹೆಸರು ಯಾರ ಹತ್ರ ಮಿಕ್ಕಿದೆ ಕೆಳಗೆ ಬರೀರಿ. ಚೀಲ ನೀವೇ ತನ್ನಿ, ಗೊಬ್ಬರದ ಚೀಲ ಬೇಡ.